ವಿದ್ಯುತ್ತಿನ ವ್ಯಾಜ್ಯಗಳೂ ಮಧ್ಯಸ್ಥರೂ

ಮೂಡುಬಿದಿರೆಗೆ ಸಮೀಪದ ಶಿರ್ತಾಡಿಯಲ್ಲಿ ಅಡಕೆಯ ತೋಟವುಳ್ಳ ಗೃಹಸ್ಥರೊಬ್ಬರಿಗೆ ವಿದ್ಯುತ್ತಿನ ಬಿಲ್ಲಿನ ವಿಷಯದಲ್ಲಿ ತಕರಾರು ಹುಟ್ಟಿತೆಂದು ಭಾವಿಸೋಣ. ಅವರು ಯಾರ ಬಳಿಗೆ ಹೋಗತಕ್ಕದ್ದು?

ಆ ಸೀಮೆಯವರಿಗೆ ಮಧ್ಯಸ್ಥಿಕೆಯು ಅಪರಿಚಿತವಾದುದಲ್ಲ. ನೆರೆಯ ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದಲ್ಲಿ ಹೆಗ್ಗಡೆಯವರು ಉಭಯಪಕ್ಷಗಳನ್ನೂ ಎದುರಿಗೆ ಕರೆಯಿಸಿ ಸಾಲ, ಭೂಮಿ, ದಾಯಭಾಗಗಳ ಜಗಳಗಳನ್ನು ಕೇಳಿ ತೀರಿಸುವ ಪದ್ಧತಿಗೆ ‘ಹೊಯ್ಲು’ ಎಂದು ಹೆಸರು. ಆ ತೀರ್ಪಿನ ಹಿಂದೆ ಅಮೀನನಿಲ್ಲ, ಜಪ್ತಿಯಿಲ್ಲ. ‘ಮಾತು ಬಿಡ ಮಂಜುನಾಥ’ ಎಂಬ ನಂಬಿಕೆಯೊಂದೇ ಇರುವುದು. ಕೇಳುವವರು ವಾದಿಯ ಮನೆಯವರೂ ಅಲ್ಲ, ಪ್ರತಿವಾದಿಯ ಮನೆಯವರೂ ಅಲ್ಲ ಎಂಬುದೇ ಅದರ ಬಲವೆಂದು ನಮಗೆ ತೋರುತ್ತದೆ.

ವಿದ್ಯುತ್ತಿನ ಚರಿತ್ರೆಯು ಬೇರೆ ದಾರಿ ಹಿಡಿಯಿತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿ ಹರಿದಾಗ ಅದನ್ನು ಉತ್ಪಾದಿಸಿದುದೂ ಮಾರಿದುದೂ ಮೈಸೂರು ಸಂಸ್ಥಾನದ ಸರ್ಕಾರವೇ. 1956ರಲ್ಲಿ ದಕ್ಷಿಣ ಕನ್ನಡವು ಮೈಸೂರು ರಾಜ್ಯವನ್ನು ಸೇರಿತು. ಮರುವರ್ಷವೇ ವಿದ್ಯುಚ್ಛಕ್ತಿ ಮಂಡಲಿಯು ಸ್ಥಾಪಿತವಾಯಿತು. ಆಗಲೂ ಮಾರುವವರೇ ದರವನ್ನು ಗೊತ್ತುಮಾಡುತ್ತಿದ್ದರು. 1999ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಏರ್ಪಟ್ಟ ಮೇಲೆಯೇ ಆ ಅಧಿಕಾರವು ಅವರ ಕೈ ಬಿಟ್ಟಿತು. ಕರಾವಳಿಗೆ ದೀಪ ಕೊಡುವ ಮೆಸ್ಕಾಂ ಹುಟ್ಟಿದುದು 2002ರಲ್ಲಿ.

2003ರ ವಿದ್ಯುಚ್ಛಕ್ತಿ ಅಧಿನಿಯಮವು ವ್ಯಾಜ್ಯಗಳನ್ನು ಎರಡಾಗಿ ವಿಂಗಡಿಸಿತು. ಉತ್ಪಾದಕರಿಗೂ ವಿತರಕ ಕಂಪನಿಗಳಿಗೂ ಜಗಳವಾದರೆ ಅದರ 86ನೆಯ ಪ್ರಕರಣದಂತೆ ಆಯೋಗವು ತಾನೇ ತೀರ್ಪು ಕೊಡಬಹುದು, ಇಲ್ಲವೆ ಪಂಚಾಯ್ತಿದಾರರಿಗೆ ಒಪ್ಪಿಸಬಹುದು. ಈ ಬಗೆಯ ವ್ಯಾಜ್ಯಗಳಲ್ಲಿ ಸಾಮಾನ್ಯ ಪಂಚಾಯ್ತಿ ಕಾನೂನಿಗಿಂತ ಇದೇ ಮೇಲೆಂದು ಸುಪ್ರೀಂ ಕೋರ್ಟು 2008ರಲ್ಲಿ ಗುಜರಾತಿನ ಮೊಕದ್ದಮೆಯೊಂದರಲ್ಲಿ ಹೇಳಿತು. ದೊಡ್ಡವರ ವ್ಯಾಜ್ಯಕ್ಕೆ ಹೀಗೆ ದೊಡ್ಡ ಬಾಗಿಲು ದೊರೆಯಿತು.

ನಮ್ಮ ತೋಟದ ಯಜಮಾನರಿಗೆ ಆ ಬಾಗಿಲು ಇಲ್ಲ. ಒಬ್ಬೊಬ್ಬ ಬಳಕೆದಾರನ ದೂರನ್ನು ಆಯೋಗವು ನೇರವಾಗಿ ವಿಚಾರಿಸತಕ್ಕದ್ದಲ್ಲವೆಂದು 2007ರಲ್ಲಿ ಮಹಾರಾಷ್ಟ್ರದ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ತೀರ್ಮಾನಿಸಿತ್ತು. ಅವರು 42ನೆಯ ಪ್ರಕರಣದ ಪ್ರಕಾರ ಕುಂದುಕೊರತೆ ನಿವಾರಣಾ ವೇದಿಕೆಗೆ ಹೋಗಬೇಕು. ಆ ವೇದಿಕೆಯನ್ನು ಸ್ಥಾಪಿಸಬೇಕಾದವರು ಯಾರೆಂದು ಕೇಳಿದರೆ, ವಿತರಕ ಕಂಪನಿಯವರೇ! ಯಾರ ಮೇಲೆ ದೂರೋ ಅವರ ಅಂಗಳದಲ್ಲಿಯೇ ಮೊದಲ ವಿಚಾರಣೆ. ಹೊಯ್ಲನ್ನು ಕಂಡಿರುವ ಜನಕ್ಕೆ ಇದು ವಿಚಿತ್ರವಾಗಿ ತೋರಿದರೆ ಆಶ್ಚರ್ಯವಿಲ್ಲ. ಕಚೇರಿಯ ದಾಖಲೆಗಳೂ ಯಂತ್ರಜ್ಞಾನವೂ ಕಂಪನಿಯ ಬಳಿಯೇ ಇರುವುದರಿಂದ ಸಣ್ಣ ತಪ್ಪುಗಳು ಅಲ್ಲಿಯೇ ಬೇಗನೆ ಸರಿಹೋಗುವುವೆಂಬುದು ಇದರ ಪರವಾದ ವಾದ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ತಪ್ಪು ಯಾರದೆಂಬುದೇ ಜಗಳವಾದಾಗ ಆ ದಾಖಲೆಗಳು ಯಾರ ಪಕ್ಷವನ್ನು ಹೇಳುವುವು?

ಅಲ್ಲಿ ಸಮಾಧಾನವಾಗದವರಿಗೆ ಆಯೋಗವು ನೇಮಿಸುವ ಓಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದಲ್ಲಿ ಇದಕ್ಕೆ ನಿಯಮಗಳಾದುದು 2004ರಲ್ಲಿ. ತೀರ್ಪಿಗೆ ಮುನ್ನ ಅವರು ಸಂಧಾನಕ್ಕೆ ಯತ್ನಿಸಬೇಕು. ಎರಡು ಕಡೆಯವರೂ ಒಪ್ಪಿದರೆ ವ್ಯಾಜ್ಯವು ಅಲ್ಲಿಗೇ ಮುಗಿಯಿತು. ಹಳೆಯ ಮಧ್ಯಸ್ಥಿಕೆಗೆ ಇಡೀ ಏರ್ಪಾಟಿನಲ್ಲಿ ಹೆಚ್ಚು ಹತ್ತಿರವಾದುದು ಈ ಪೀಠವೇ.

ವೇದಿಕೆಯಲ್ಲಿ ಬಳಕೆದಾರರ ಪ್ರತಿನಿಧಿಗಳೂ ಇರಬೇಕೆಂದು ಕೇಂದ್ರ ಸರ್ಕಾರದ 2020ರ ನಿಯಮಗಳು ಹೇಳಿದುವು. ಅಧ್ಯಕ್ಷಸ್ಥಾನವು ಮಾತ್ರ ಕಂಪನಿಯ ಅಧಿಕಾರಿಗೇ ಉಳಿಯಿತು. ಓಂಬುಡ್ಸ್‌ಮನ್ನರ ಕಚೇರಿಯಿರುವುದು ಬೆಂಗಳೂರಿನಲ್ಲಿ. ಶಿರ್ತಾಡಿಯಿಂದ ಅಲ್ಲಿಗೆ ಹೋಗಬೇಕಾದವರು ಘಟ್ಟವನ್ನು ಹತ್ತಲೇಬೇಕು.