ಚರ್ಚಿನ ಪೆಟ್ಟಿಗೆಯಲ್ಲಿ ಒಂದು ಊರಿನ ಚರಿತ್ರೆ

ಇಂಗ್ಲೆಂಡಿನ ನೈಋತ್ಯ ಭಾಗದ ಡೆವನ್ ಪ್ರಾಂತದಲ್ಲಿ ಕಾಲಿಟನ್ ಎಂಬ ಪುಟ್ಟ ಊರಿದೆ. ಅದು ರಾಜಧಾನಿಯಾಗಿ ಮೆರೆದ ಊರಲ್ಲ. ಅಲ್ಲಿ ಬಾಳಿದವರಲ್ಲಿ ಹೆಚ್ಚಿನವರು ರೈತರು, ಕೂಲಿಗಳು, ನೂಲುವವರು, ಲೇಸು ಹೆಣೆಯುವ ಹೆಂಗಸರು. ಆದರೂ 1966ರಿಂದೀಚೆಗೆ ಜನಸಂಖ್ಯೆಯ ಇತಿಹಾಸವನ್ನು ಅಭ್ಯಸಿಸುವವರಿಗೆಲ್ಲ ಈ ಊರಿನ ಹೆಸರು ಚಿರಪರಿಚಿತ. ಇದಕ್ಕೆ ಕಾರಣ ಅಲ್ಲಿನ ಚರ್ಚಿನ ಹಳೆಯ ರಿಜಿಸ್ಟರ್. ಹೆಸರು ಮತ್ತು ತಾರೀಖುಗಳ ಒಂದು ಒಣ ಪಟ್ಟಿ ಚರಿತ್ರೆಯಾಗುವುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ಎರಡು ಬೀಗದ ಪೆಟ್ಟಿಗೆ

ಒಂದು ಚರ್ಚು, ಅದಕ್ಕೊಬ್ಬ ಪಾದ್ರಿ, ಆ ಚರ್ಚಿನ ವ್ಯಾಪ್ತಿಗೆ ಸೇರಿದ ಊರುಕೇರಿಗಳು: ಇಷ್ಟು ಕೂಡಿದರೆ ಒಂದು ಪ್ಯಾರಿಷ್. ಹಿಂದೆ ಪ್ಯಾರಿಷ್ ಎಂದರೆ ಕೇವಲ ಪ್ರಾರ್ಥನೆಯ ಏರ್ಪಾಡಾಗಿರಲಿಲ್ಲ. ರಸ್ತೆಗಳ ದುರಸ್ತಿ, ಬಡವರ ಪೋಷಣೆ ಮುಂತಾದ ಹೊಣೆಗಳೂ ಅದರ ಮೇಲಿದ್ದವು.

1538ರಲ್ಲಿ ದೊರೆ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಒಂದು ಆಜ್ಞೆ ಹೊರಡಿಸಿದ. ಪ್ರತಿ ಪ್ಯಾರಿಷ್‌ನಲ್ಲೂ ಒಂದು ಪುಸ್ತಕವಿರಬೇಕು. ಆಯಾ ವಾರ ನಡೆದ ಮದುವೆ, ದೀಕ್ಷಾಸ್ನಾನ ಮತ್ತು ಶವಸಂಸ್ಕಾರಗಳನ್ನು ಭಾನುವಾರದಂದು ಅದರಲ್ಲಿ ಬರೆಯಬೇಕು. ಪುಸ್ತಕವನ್ನಿಡುವ ಪೆಟ್ಟಿಗೆಗೆ ಎರಡು ಬೀಗ. ಒಂದರ ಕೀಲಿಕೈ ಪಾದ್ರಿಯ ಬಳಿ, ಇನ್ನೊಂದರದು ಚರ್ಚಿನ ಮೇಲ್ವಿಚಾರಕರ ಬಳಿ. ತಪ್ಪಿದರೆ 3 ಷಿಲಿಂಗ್ 4 ಪೆನ್ಸ್ ದಂಡ. ಹೊಸ ತೆರಿಗೆಗೆ ಇದು ಪೀಠಿಕೆಯಿರಬೇಕೆಂದು ಜನ ಹೆದರಿದರು. ಬಡವರ ಹೆಸರನ್ನು ಮುಂದಿನ ಪೀಳಿಗೆಗೆ ಉಳಿಸುವ ಉದ್ದೇಶ ಆಗ ಯಾರಿಗೂ ಇರಲಿಲ್ಲ ಎಂಬುದು ಗಮನಾರ್ಹ.

1598ರಲ್ಲಿ ಇನ್ನೊಂದು ಆದೇಶ ಬಂದಿತು. ಹಳೆಯ ಕಾಗದದ ಪುಸ್ತಕಗಳನ್ನು ಚರ್ಮಪತ್ರಕ್ಕೆ ಪ್ರತಿ ಮಾಡಬೇಕು, ಅದರಲ್ಲೂ ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದ 1558ರಿಂದ ಈಚಿನವನ್ನು ಎಂದು ಅದು ವಿಧಿಸಿತು. ಅನೇಕ ಕಡೆ ಪಾದ್ರಿಗಳು ಅದಕ್ಕೂ ಹಿಂದಿನ ಇಪ್ಪತ್ತು ವರ್ಷಗಳನ್ನು ಕೈಬಿಟ್ಟರು. ಇಂಗ್ಲೆಂಡಿನ ಬಹಳಷ್ಟು ರಿಜಿಸ್ಟರುಗಳು 1558ರಿಂದಲೇ ಆರಂಭವಾಗುವುದಕ್ಕೆ ಇದೇ ಕಾರಣ. ಕಾಲಿಟನ್‌ನಲ್ಲಿ ಮಾತ್ರ ದಾಖಲೆ 1538ರಿಂದಲೇ ದೊರೆಯುತ್ತದೆ.

ಇಂದಿನಿಂದ ಹಿಂದಕ್ಕೆ

ಮನೆತನದ ಚರಿತ್ರೆಯನ್ನು ಹುಡುಕುವವರು ತಿಳಿದಿರುವುದರಿಂದ ತಿಳಿಯದಿರುವುದರ ಕಡೆಗೆ ನಡೆಯಬೇಕು. ಇಂಗ್ಲೆಂಡಿನಲ್ಲಿ ಸರ್ಕಾರವೇ ಜನನ, ಮರಣ, ವಿವಾಹಗಳನ್ನು ನೋಂದಾಯಿಸಲು ತೊಡಗಿದ್ದು 1837ರ ಜುಲೈ 1ರಿಂದ. 1851ರ ಜನಗಣತಿಯಲ್ಲಿ ಪ್ರತಿಯೊಬ್ಬರೂ ಯಾವ ಪ್ಯಾರಿಷ್‌ನಲ್ಲಿ ಹುಟ್ಟಿದರೆಂದು ಬರೆಯಲಾಯಿತು. ಈ ಒಂದು ಕಾಲಂ ಸಂಶೋಧಕರನ್ನು ಸರಿಯಾದ ಚರ್ಚಿನ ಬಾಗಿಲಿಗೆ ಕರೆದೊಯ್ಯುತ್ತದೆ. ಹಳೆಯ ರಿಜಿಸ್ಟರುಗಳಲ್ಲಿ ಬಹುಪಾಲು ಈಗ ಚರ್ಚುಗಳಲ್ಲಿಲ್ಲ; ಕೌಂಟಿಗಳ ದಾಖಲೆ ಭಂಡಾರಗಳಲ್ಲಿ ಸುರಕ್ಷಿತವಾಗಿವೆ.

ಹಿಂದೆ ಹೋದಂತೆಲ್ಲ ಮಾಹಿತಿ ತೆಳುವಾಗುತ್ತದೆ. 1813ರಿಂದ ಬಳಕೆಗೆ ಬಂದ ಅಚ್ಚಿನ ನಮೂನೆಗಳಲ್ಲಿ ತಂದೆಯ ಕಸುಬು, ಸತ್ತವರ ವಯಸ್ಸು ಇರುತ್ತವೆ. 1754ರಿಂದ ಈಚಿನ ವಿವಾಹ ಪುಸ್ತಕಗಳಲ್ಲಿ ವಧೂವರರ ಸಹಿ, ಸಹಿ ಬಾರದವರ ಗುರುತು ಇರುತ್ತವೆ. ಎಷ್ಟು ಮಂದಿ ಅಕ್ಷರ ಬಲ್ಲವರಾಗಿದ್ದರು ಎಂಬುದನ್ನು ವಿದ್ವಾಂಸರು ಇದರಿಂದ ಲೆಕ್ಕ ಹಾಕಿದ್ದಾರೆ. ಇನ್ನೂ ಹಿಂದಕ್ಕೆ ಹೋದರೆ ಬರೀ ಹೆಸರು ಮತ್ತು ತಾರೀಖು, ಅದೂ ಕೆಲವೊಮ್ಮೆ ಲ್ಯಾಟಿನ್ ಭಾಷೆಯಲ್ಲಿ. ತಾರೀಖನ್ನು ಓದುವಾಗಲೂ ಎಚ್ಚರ ಬೇಕು. 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ರಂದು. ರಿಜಿಸ್ಟರಿನಲ್ಲಿ 1649ರ ಫೆಬ್ರವರಿ ಎಂದಿದ್ದರೆ ನಮ್ಮ ಲೆಕ್ಕದಲ್ಲಿ ಅದು 1650ರ ಫೆಬ್ರವರಿ. ಇದನ್ನು ಮರೆತರೆ ಮಾರ್ಚಿಯಲ್ಲಿ ಮದುವೆಯಾದ ದಂಪತಿಗೆ ಅದಕ್ಕೂ ಮೊದಲೇ ಮಗುವಾಗಿತ್ತೆಂದು ತೋರಬಹುದು!

ಎಲ್ಲಕ್ಕಿಂತ ದೊಡ್ಡ ತೊಡಕು ಹೆಸರುಗಳದು. ಜಾನ್, ವಿಲಿಯಂ, ಮೇರಿ, ಎಲಿಜಬೆತ್ ಮುಂತಾದ ಕೆಲವೇ ಹೆಸರುಗಳನ್ನು ಊರಿಗೆ ಊರೇ ಹಂಚಿಕೊಂಡಿತ್ತು. 1600ರಲ್ಲಿ ದೀಕ್ಷಾಸ್ನಾನ ಪಡೆದ ಜಾನ್ ಮತ್ತು 1627ರಲ್ಲಿ ಮದುವೆಯಾದ ಅದೇ ಮನೆತನದ ಜಾನ್ ಒಬ್ಬನೇ ಎಂದು ಹೇಳುವುದು ಹೇಗೆ? ಮೊದಲನೆಯ ಜಾನ್ ಶಿಶುವಾಗಿದ್ದಾಗಲೇ ತೀರಿಕೊಂಡಿಲ್ಲವೆಂದು ಶವಸಂಸ್ಕಾರದ ಪಟ್ಟಿಯನ್ನು ನೋಡಿ ಖಚಿತಪಡಿಸಿಕೊಳ್ಳಬೇಕು. ಅದೇ ವಯಸ್ಸಿನ ಬೇರೊಬ್ಬ ಜಾನ್ ಇಲ್ಲವೆಂದೂ ನೋಡಬೇಕು. ವಿಜ್ಞಾನದ ವಿದ್ಯಾರ್ಥಿಗಳಿಗೆ ಈ ಶಿಸ್ತು ಹೊಸದಲ್ಲ: ನಮ್ಮ ಊಹೆ ಸರಿಯೆಂದು ತೋರಿಸುವ ಸಾಕ್ಷ್ಯಕ್ಕಿಂತ ಮೊದಲು, ಅದು ತಪ್ಪೆಂದು ತೋರಿಸಬಲ್ಲ ಸಾಕ್ಷ್ಯವನ್ನು ಹುಡುಕಬೇಕು.

ಕಾಲಿಟನ್ ಹೇಳಿದ್ದೇನು?

ಈ ಶಿಸ್ತನ್ನು ಒಂದು ಮನೆತನಕ್ಕಲ್ಲ, ಇಡೀ ಊರಿಗೆ ಅನ್ವಯಿಸಿದರೆ? ಲೂಯಿ ಆನ್ರಿ ಎಂಬ ಫ್ರೆಂಚ್ ಜನಸಂಖ್ಯಾ ತಜ್ಞರು 1950ರ ದಶಕದಲ್ಲಿ ಇದಕ್ಕೊಂದು ವಿಧಾನವನ್ನು ರೂಪಿಸಿದರು. ಪ್ರತಿ ದಂಪತಿಗೂ ಒಂದೊಂದು ಹಾಳೆ. ಗಂಡ ಹೆಂಡಿರ ಹುಟ್ಟು, ಮದುವೆ, ಸಾವು, ಮಕ್ಕಳ ಹುಟ್ಟುಸಾವುಗಳನ್ನೆಲ್ಲ ರಿಜಿಸ್ಟರಿನಿಂದ ಹೆಕ್ಕಿ ಆ ಹಾಳೆಯಲ್ಲಿ ಜೋಡಿಸುವುದು. ಕೇಂಬ್ರಿಜ್‌ನ ಇತಿಹಾಸಕಾರ ಇ. ಎ. ರಿಗ್ಲಿಯವರು ಇದೇ ರೀತಿಯಲ್ಲಿ ಕಾಲಿಟನ್‌ನ ಮೂರು ಶತಮಾನಗಳನ್ನು ಪರಿಶೀಲಿಸಿ 1966ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು.

ಆ ಕಾಲದ ಹೆಣ್ಣುಮಕ್ಕಳಿಗೆ ಎಳೆಯ ವಯಸ್ಸಿನಲ್ಲೇ ಮದುವೆಯಾಗುತ್ತಿತ್ತು ಎಂದು ಅನೇಕರು ಭಾವಿಸಿದ್ದರು. ಕಾಲಿಟನ್‌ನ ಹಾಳೆಗಳು ಬೇರೆಯೇ ಮಾತು ಹೇಳಿದವು. 1560ರಿಂದ 1646ರವರೆಗೆ ಅಲ್ಲಿನ ಹೆಣ್ಣುಮಕ್ಕಳು ಮೊದಲ ಮದುವೆಯಾದ ಸರಾಸರಿ ವಯಸ್ಸು 27. 1645–46ರಲ್ಲಿ ಪ್ಲೇಗು ಬಂದು ಊರಿನ ಸುಮಾರು ಐದನೆಯ ಒಂದು ಭಾಗದಷ್ಟು ಜನ ತೀರಿಕೊಂಡರು. ಅನಂತರ 1719ರವರೆಗೆ ಆ ಸರಾಸರಿ ಹೆಚ್ಚುಕಡಿಮೆ 30ಕ್ಕೆ ಏರಿತು. 1770ರ ನಂತರ 25ಕ್ಕೆ ಇಳಿಯಿತು. ಪ್ಲೇಗಿನ ನಂತರದ ದಶಕಗಳಲ್ಲಿ ಮದುವೆಯಾದ ಹೆಂಗಸರು ಹೆರುವುದನ್ನು ಹಿಂದಿನವರಿಗಿಂತ ಬೇಗನೆ ನಿಲ್ಲಿಸುತ್ತಿದ್ದರೆಂಬುದೂ ಕಂಡುಬಂದಿತು. ದಂಪತಿಗಳು ಬೇಕೆಂದೇ ಸಂತಾನವನ್ನು ಮಿತಗೊಳಿಸುತ್ತಿದ್ದರು ಎಂಬುದು ರಿಗ್ಲಿಯವರ ತೀರ್ಮಾನ.

ಎಲ್ಲರೂ ಇದನ್ನು ಒಪ್ಪಲಿಲ್ಲ. ಇತಿಹಾಸಕಾರ್ತಿ ಪಮೇಲಾ ಶಾರ್ಪ್ ಅವರು ರಿಜಿಸ್ಟರಿನ ಜೊತೆಗೆ ಊರಿನ ಇತರ ದಾಖಲೆಗಳನ್ನೂ ಓದಿ 1991ರಲ್ಲಿ ಬೇರೊಂದು ವಿವರಣೆ ನೀಡಿದರು. ಲೇಸು ಮತ್ತು ಉಣ್ಣೆಯ ಕೆಲಸವಿದ್ದುದರಿಂದ ಹೆಂಗಸರಿಗೆ ಅಲ್ಲಿ ದುಡಿಮೆ ಸಿಗುತ್ತಿತ್ತು. ಊರಿನಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚಾಗಿದ್ದರು. ಮದುವೆಯ ವಯಸ್ಸನ್ನು ಇದರ ಹಿನ್ನೆಲೆಯಲ್ಲಿ ನೋಡಬೇಕು ಎಂಬುದು ಅವರ ವಾದ. ಅಂಕಿಗಳು ಅವೇ, ಆದರೆ ಅವುಗಳ ಅರ್ಥ ಊರಿನ ಬದುಕನ್ನು ಅರಿತಷ್ಟೂ ಬದಲಾಗುತ್ತದೆ.

ರಿಜಿಸ್ಟರ್ ಹೇಳದಿರುವುದು

ರಿಜಿಸ್ಟರಿನಲ್ಲಿ ಎಲ್ಲರೂ ಇರುವುದಿಲ್ಲ. ದೀಕ್ಷಾಸ್ನಾನಕ್ಕೆ ಮುನ್ನವೇ ಸತ್ತ ಶಿಶುಗಳ ಹುಟ್ಟು ಅದರಲ್ಲಿಲ್ಲ. ಕ್ವೇಕರ್, ಬ್ಯಾಪ್ಟಿಸ್ಟ್ ಮುಂತಾದ ಬೇರೆ ಪಂಥದವರು ಅನೇಕ ವೇಳೆ ಹೊರಗುಳಿದರು. 1640ರ ದಶಕದ ಅಂತರ್ಯುದ್ಧದ ಕಾಲದಲ್ಲಿ ಎಷ್ಟೋ ಚರ್ಚುಗಳಲ್ಲಿ ಬರವಣಿಗೆಯೇ ನಿಂತಿತು. ಊರು ಬಿಟ್ಟು ಹೋದವರ ಹಾಳೆ ಅರ್ಧಕ್ಕೇ ನಿಲ್ಲುತ್ತದೆ. ಊರು ಬಿಟ್ಟು ಹೋಗುತ್ತಿದ್ದವರಲ್ಲಿ ಬಡವರೇ ಬಹಳ.

ಅಂಥವರ ದನಿ ಕೇಳಬೇಕಾದರೆ ಅದೇ ಪೆಟ್ಟಿಗೆಯಲ್ಲಿದ್ದ ಇತರ ಕಾಗದಗಳನ್ನು ನೋಡಬೇಕು. 1662ರ ಕಾನೂನಿನ ಪ್ರಕಾರ, ಪರಊರಿನಿಂದ ಬಂದು ಪ್ಯಾರಿಷ್‌ಗೆ ಭಾರವಾಗಬಹುದೆನಿಸಿದ ಬಡವರನ್ನು ಅವರ ಸ್ವಂತ ಪ್ಯಾರಿಷ್‌ಗೆ ಹಿಂದಕ್ಕೆ ಕಳುಹಿಸಬಹುದಾಗಿತ್ತು. ಅದಕ್ಕೆ ಮೊದಲು ಪ್ರಮಾಣ ಮಾಡಿಸಿ ವಿಚಾರಣೆ ನಡೆಸುತ್ತಿದ್ದರು: ಎಲ್ಲಿ ಹುಟ್ಟಿದೆ, ಯಾರ ಮನೆಯಲ್ಲಿ ಆಳಾಗಿದ್ದೆ, ಎಷ್ಟು ಕಾಲ? ಆ ಉತ್ತರಗಳನ್ನು ಬರೆದಿಟ್ಟ ಹಾಳೆಗಳು ಅಕ್ಷರ ಬಾರದ ಕೂಲಿಯವರ, ಬಸುರಿಯಾಗಿದ್ದ ಅವಿವಾಹಿತೆಯರ ಆತ್ಮಕಥೆಗಳಂತಿವೆ. ಊರಿನಿಂದ ಅವರನ್ನು ಹೊರಗಟ್ಟಲು ಬರೆದ ಕಾಗದವೇ ಅವರನ್ನು ಚರಿತ್ರೆಯೊಳಗೆ ತಂದಿದೆ.

ಇನ್ನು ಕೆಲವರು ಸಮುದ್ರ ದಾಟಿದರು. ಈಸ್ಟ್ ಇಂಡಿಯಾ ಕಂಪೆನಿಯ ಮದರಾಸು ಪ್ರಾಂತದ ಚರ್ಚುಗಳ ದಾಖಲೆಗಳ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. 1698ರಿಂದ ಮೊದಲಾಗುವ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ತಮ್ಮ ಊರಿನ ರಿಜಿಸ್ಟರಿನಲ್ಲಿ ಹುಟ್ಟು ಮಾತ್ರ ದಾಖಲಾದ ಸೈನಿಕನೊಬ್ಬನ ಸಾವನ್ನು ಅರಸಿ ಇಂಗ್ಲೆಂಡಿನ ಕುಟುಂಬಗಳು ಬೆಂಗಳೂರು ದಂಡಿನ ಪುಟಗಳವರೆಗೂ ಬರುವುದುಂಟು.

1981ರಲ್ಲಿ ರಿಗ್ಲಿ ಮತ್ತು ಸ್ಕೋಫೀಲ್ಡ್ ಅವರು 404 ಪ್ಯಾರಿಷ್‌ಗಳ ಲೆಕ್ಕವನ್ನು ಆಧರಿಸಿ ಇಂಗ್ಲೆಂಡಿನ ಮೂರು ಶತಮಾನಗಳ ಜನಸಂಖ್ಯೆಯ ಇತಿಹಾಸವನ್ನು ಬರೆದರು. ಆ ರಿಜಿಸ್ಟರುಗಳ ಮುಂದೆ ಕುಳಿತು, ತಿಂಗಳು ತಿಂಗಳಿನ ಹುಟ್ಟುಸಾವುಗಳನ್ನು ಎಣಿಸಿಕೊಟ್ಟವರಲ್ಲಿ ಹೆಚ್ಚಿನವರು ವಿಶ್ವವಿದ್ಯಾನಿಲಯಗಳ ಪಂಡಿತರಲ್ಲ. ತಮ್ಮ ಊರಿನ ಚರಿತ್ರೆಯಲ್ಲಿ ಆಸಕ್ತಿಯಿದ್ದ ಸ್ವಯಂಸೇವಕರು. ಅವರು ಎಣಿಸಿದ ಒಂದೊಂದು ಸಾಲಿನಲ್ಲೂ ಒಬ್ಬೊಬ್ಬ ಮನುಷ್ಯನಿದ್ದಾನೆ. ಆ ಸಾಲನ್ನು ಇನ್ನೊಂದು ಸಾಲಿಗೆ ಸರಿಯಾಗಿ ಜೋಡಿಸುವ ತಾಳ್ಮೆಯಿಂದಲೇ ಊರಿನ ಚರಿತ್ರೆ ಮೊದಲಾಗುತ್ತದೆ.