ಮಾಂಸ ಎಂತಕ್ಕೆ ಬ್ಯಾಡ?

ರಜೆಗೆ ಬಂದ ಮೊಮ್ಮಗಳು ಒಂದೆಲಗದ ತಂಬ್ಳಿ ಉಣ್ತಾ, "ಅಮ್ಮಮ್ಮ, ನಂಗ ಮಾಂಸ ಎಂತಕ್ಕೆ ತಿಂತ್ವಿಲ್ಲೆ?" ಕೇಳ್ಚು. ಸಂಪ್ರದಾಯ ಹೇಳ್ದಿ. ಅದಕ್ಕೆ ಸಮಾಧಾನ ಆಜಿಲ್ಲೆ, ಯಂಗೂ ಆಜಿಲ್ಲೆ.

ಹಳೇದು ನೋಡಿರೆ ಈ ಊಟ ಬರೀ ಹವ್ಯಕರದ್ದಲ್ಲ. ಬನವಾಸಿ ಕದಂಬರು 5ನೇ ಶತಮಾನದಲ್ಲೇ ಜೈನರಿಗೆ ಭೂಮಿ ದಾನ ಕೊಟ್ಟಿದ್ದ. ಸೋಂದೆಯಲ್ಲಿ ಜೈನ ಮಠ ಈಗಲೂ ಇದ್ದು. 16ನೇ ಶತಮಾನದಲ್ಲಿ ಗೇರುಸೊಪ್ಪೆ ಆಳಿದ ಚೆನ್ನಭೈರಾದೇವಿಯೂ ಜೈನಳು. ಪೋರ್ಚುಗೀಸರು ಅವಳನ್ನ ಕಾಳುಮೆಣಸಿನ ರಾಣಿ ಹೇಳಿ ಕರೆದಿದ್ದ. ಒಣಮೆಣಸು ನಮ್ಮ ದೇಶಕ್ಕೆ ಬಂದದ್ದೇ ಆ ಪೋರ್ಚುಗೀಸರ ಹಡಗಲ್ಲಿ. ಅದಕ್ಕೂ ಮೊದಲು ಅಡುಗೆಗೆ ಖಾರ ಹೇಳಿರೆ ನಮ್ಮ ತೋಟದ ಕಾಳುಮೆಣಸೇ. ಈಗಲೂ ತಂಬ್ಳಿಗೆ ಅದೇ ಅಲ್ದ? ಹಿತ್ತಲ ಸೊಪ್ಪು, ಕಾಯಿ, ಜೀರಿಗೆ, ನಾಕು ಕಾಳುಮೆಣಸು, ಮಜ್ಜಿಗೆ. ಜಡಿಮಳೆಲಿ ಪೇಟೆ ಮುಖ ನೋಡದೇ ನಮ್ಮ ಮನೆಗಳು ಉಂಡದ್ದು ಹಿಂಗೇ. ಜೀವ ತೆಗೆಯದೇ ಹೊಟ್ಟೆ ತುಂಬ್ತು ಹೇಳಾದ್ಮೇಲೆ ತೆಗೆಯದು ಎಂತಕ್ಕೆ?

ಮೊಮ್ಮಗಳಿಗೆ ಇಷ್ಟು ಹೇಳಿ ಗೆದ್ದಿ ಅಂದ್ಕಂಡಿದ್ದಿ. ಮಜ್ಜಿಗೆ ಸುದ್ದಿ ಹಿಡ್ಕಂಡು ಕೂಸು ಕೇಳ್ಚು: "ಹೋದ ವರ್ಷದ ಹೋರಿಕರ ಎಲ್ಲಿ?"

ಮಾರಿದ್ಯ ಹೇಳ್ದಿ.

"ಯಾರಿಗೆ?"

ಮಜ್ಜಿಗೆ ತಂಬಿಗೆ ಕೈಯಲ್ಲೇ ಇತ್ತು, ಬಾಯಲ್ಲಿ ಉತ್ರ ಇತ್ತಿಲ್ಲೆ. ಈ ವರ್ಷ ಹುಟ್ಟಿದ ಹೋರಿಕರ ಕೊಟ್ಟಿಗೆಲೇ ಇದ್ದು.