ತ್ಯಾಜ್ಯದಿಂದ ನೀರಿನ ಸೋಸಕ: ಸೆರಾಮಿಕ್ ಫಿಲ್ಟರ್ ತಯಾರಿಯ ಬಗೆ

ಕಾಂತೇಶನ ಕ್ಷೇತ್ರವೆಂದೇ ಹೆಸರಾದ ಕದರಮಂಡಲಗಿಯ ಸುತ್ತಲಿನ ಬ್ಯಾಡಗಿ–ರಾಣೆಬೆನ್ನೂರು ಸೀಮೆಯಲ್ಲಿ ಭತ್ತದ ಹೊಟ್ಟು, ಸಾಮಿಲ್ಲಿನ ಮರದ ಪುಡಿ, ಕಾಳು ಬಿಡಿಸಿದ ಗೋವಿನಜೋಳದ ತೆನೆ ಸಾಮಾನ್ಯವಾಗಿ ಒಲೆಗೋ ತಿಪ್ಪೆಗೋ ಸೇರುವ ವಸ್ತುಗಳು. ಇವುಗಳನ್ನು ಜೇಡಿಮಣ್ಣಿನೊಂದಿಗೆ ಬೆರೆಸಿ ಸುಟ್ಟರೆ ಕುಡಿಯುವ ನೀರನ್ನು ಸೋಸುವ ಸೆರಾಮಿಕ್ ಫಿಲ್ಟರ್ ಆಗುತ್ತದೆ. ಮಣ್ಣಿನೊಳಗಿನ ಹೊಟ್ಟು ಭಟ್ಟಿಯಲ್ಲಿ ಉರಿದುಹೋಗಿ, ಅದಿದ್ದ ಜಾಗ ಸೂಕ್ಷ್ಮ ರಂಧ್ರವಾಗಿ ಉಳಿಯುತ್ತದೆ. ತಂತ್ರ ಇಷ್ಟೇ, ಕಷ್ಟವಿರುವುದು ಪ್ರಮಾಣದಲ್ಲಿ.

ಹೊಟ್ಟನ್ನು ನುಣ್ಣಗೆ ಬೀಸಿ, ಜರಡಿ ಹಿಡಿದು, ಒಣ ಮಣ್ಣಿನೊಂದಿಗೆ ಬೆರೆಸಿ, ನೀರು ಹಾಕಿ ನಾದಬೇಕು. ಅಚ್ಚಿನಲ್ಲಿ ಒತ್ತಿದ ಮಡಕೆಯನ್ನು ನೆರಳಿನಲ್ಲಿ ಒಣಗಿಸಿ ಸುಮಾರು 850ರಿಂದ 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡಲಾಗುತ್ತದೆ. ಹೊಟ್ಟು ಹೆಚ್ಚಾದರೆ ನೀರು ಬೇಗ ಇಳಿದು ಸೋಸುವಿಕೆ ಕೆಡುತ್ತದೆ, ಕಡಿಮೆಯಾದರೆ ನೀರೇ ಇಳಿಯದು. ಗಂಟೆಗೆ 1ರಿಂದ 3 ಲೀಟರ್ ಇಳಿಯುವ ಮಡಕೆ ಸರಿಯಾದದ್ದು. ಅದಕ್ಕಿಂತ ತೀರಾ ಹೆಚ್ಚು ಇಳಿಸುವುದನ್ನು ಮಾರದೆ ಒಡೆದು ಹಾಕುವುದೇ ಪ್ರಾಮಾಣಿಕ ಕ್ರಮ. ಉಳಿದವಕ್ಕೆ ಬ್ಯಾಕ್ಟೀರಿಯಾ ನಾಶಕ್ಕಾಗಿ ಬೆಳ್ಳಿಯ ಸೂಕ್ಷ್ಮಕಣಗಳ ದ್ರಾವಣವನ್ನು ಲೇಪಿಸುತ್ತಾರೆ.

ಈ ಮಾದರಿಯ ಮಡಕೆಯನ್ನು 1981ರಲ್ಲಿ ಗ್ವಾಟೆಮಾಲಾದ ಫರ್ನಾಂಡೊ ಮಸಾರಿಯೆಗೊಸ್ ರೂಪಿಸಿದರು. ಭಾರತದಲ್ಲಿ ಭುವನೇಶ್ವರದ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯ ಕೆಂಪು ಜೇಡಿಮಣ್ಣು, ಮರಳು, ಮರದ ಪುಡಿಯಿಂದ ‘ಟೆರಾಫಿಲ್’ ಎಂಬ ಬಿಲ್ಲೆಯನ್ನು ಅಭಿವೃದ್ಧಿಪಡಿಸಿತು.

ಕಾರ್ಖಾನೆಯ ತ್ಯಾಜ್ಯದ ವಿಷಯ ಬೇರೆ. ರಾಯಚೂರಿನ ಶಕ್ತಿನಗರದಂತಹ ಶಾಖೋತ್ಪನ್ನ ಕೇಂದ್ರಗಳ ಹಾರುಬೂದಿಯಲ್ಲಿ ಸಿಲಿಕಾ ಮತ್ತು ಅಲ್ಯೂಮಿನಾ ಹೇರಳವಾಗಿದ್ದು, ಅದು ಮಣ್ಣಿನ ಬದಲಿಗೇ ಬಳಕೆಯಾಗಬಲ್ಲದು. ಆದರೆ ಅದರಲ್ಲಿ ಆರ್ಸೆನಿಕ್, ಸೀಸ, ಕ್ರೋಮಿಯಂ ಅಂಶಗಳೂ ಇರುತ್ತವೆ. ಬೆಳಗಾವಿಯ ಅಲ್ಯೂಮಿನಾ ಕಾರ್ಖಾನೆಯಲ್ಲಿ ಉಳಿಯುವ ಕೆಂಪು ಕೆಸರಿನಲ್ಲಿ ಕ್ಷಾರ ಅಧಿಕ. ಹೆಚ್ಚಿನ ಉಷ್ಣದಲ್ಲಿ ಸುಟ್ಟಾಗ ಲೋಹಗಳ ಬಹುಪಾಲು ಗಾಜಿನಂಥ ಪದರದಲ್ಲಿ ಬಂಧಿಯಾಗುತ್ತದಾದರೂ, ಆರ್ಸೆನಿಕ್ ಮತ್ತು ಕ್ರೋಮಿಯಂ ನೀರಿಗೆ ಬಿಡುವ ಸಾಧ್ಯತೆ ಉಳಿದೇ ಇರುತ್ತದೆ. ಆದ್ದರಿಂದ ಫಿಲ್ಟರ್‌ನ ತುಂಡನ್ನು ಪುಡಿಮಾಡಿ, ಆಮ್ಲೀಯ ದ್ರಾವಣದಲ್ಲಿ ಸುಮಾರು 18 ಗಂಟೆ ಕುಲುಕಿ, ಹೊರಬಂದ ಲೋಹಗಳನ್ನು ಅಳೆಯುವ ಪರೀಕ್ಷೆ ನಡೆಯಬೇಕು. ಈ ಪರೀಕ್ಷೆ ಇಲ್ಲದ ಹಾರುಬೂದಿ ಫಿಲ್ಟರ್ ಕೊಳಚೆ ನೀರಿಗೆ ಸರಿ, ಮನೆಯ ಬಿಂದಿಗೆಗಲ್ಲ.

ಹೊಟ್ಟಿನ ಫಿಲ್ಟರ್‌ಗೂ ಮಿತಿಯುಂಟು. ಕೆಸರು ಮತ್ತು ಬಹುಪಾಲು ಬ್ಯಾಕ್ಟೀರಿಯಾ ತಡೆಯುವ ಅದು ವೈರಸ್‌ಗಳನ್ನು ಪೂರ್ಣವಾಗಿ ತಡೆಯದು. ಪಾವಗಡ, ಮುಂಡರಗಿಯಂತಹ ಕಡೆಯ ಕೊಳವೆಬಾವಿಗಳ ಫ್ಲೋರೈಡ್ ನೀರಿನಲ್ಲಿ ಕರಗಿದ ವಸ್ತುವಾದ್ದರಿಂದ ರಂಧ್ರದ ಮೂಲಕ ಸಲೀಸಾಗಿ ಇಳಿಯುತ್ತದೆ. ಮೇಲ್ಮೈ ಕಟ್ಟಿಕೊಂಡಾಗ ಸೋಪು ಹಚ್ಚದೆ ಬ್ರಷ್‌ನಿಂದ ಉಜ್ಜಿದರೆ ಸಾಕು. ಕೂದಲೆಳೆಯಷ್ಟು ಬಿರುಕು ಕಂಡರೂ ಮಡಕೆ ಬದಲಿಸಬೇಕು.